ತಾನಾಗೇ ಹೋಗದ ಕಸ
ಬೆಳಕು ಹರಿಯುವ ಮೊದಲೇ ಅವಳು ಪಾತ್ರೆ ತೊಳೆದು, ನೆಲ ಒರೆಸಿ, ಗಂಡ ಸೋಫಾದ ಮೇಲೆ ಎಸೆದ ಒದ್ದೆ ಟವೆಲ್ ಒಣಹಾಕಿ, ಮಗಳ ಡಬ್ಬಿ ಕಟ್ಟಿರುತ್ತಾಳೆ. ಆಮೇಲೆ ಆಫೀಸಿನಲ್ಲಿ ಕೂತು, ಗುಂಡಿ ಒತ್ತಿದರೆ ಕಂಪ್ಯೂಟರಿನಲ್ಲಿ ತುಂಬಿಕೊಂಡ ಬೇಡದ ಫೈಲುಗಳ ಕಸ ತೆಗೆಯುವ ತಂತ್ರಾಂಶ ರೂಪಿಸುತ್ತಾಳೆ. ಒಂದೇ ಫೋಟೋವನ್ನು ಹತ್ತು ಕಡೆ ತುಂಬಿಡುವವರನ್ನು ನೆನೆದು, "ಇವರೂ ನಮ್ಮನೆಯವರೂ ಒಂದೇ ಶಾಲೇಲಿ ಓದಿರ್ಬೇಕು" ಎಂದು ಗೊಣಗುತ್ತಾಳೆ. ಆ ಪುಣ್ಯಾತ್ಮನೋ ಮನೆಗೆ ಬಂದವರೆದುರು, "ನಮ್ಮನೆ ಹೇಗೋ ತಾನಾಗೇ ನೀಟಾಗಿರುತ್ತಪ್ಪ" ಎಂದು ಬೀಗುತ್ತಾನೆ. ನಿನ್ನೆ ಮ್ಯಾನೇಜರೂ ಅದೇ ರಾಗ ತೆಗೆದರು: "ಜನಕ್ಕೆ ಗುಂಡಿ ಒತ್ತೋ ಕೆಲಸ ಯಾಕಮ್ಮಾ? ಗೊತ್ತೇ ಆಗದ ಹಾಗೆ ತಾನಾಗೇ ಕ್ಲೀನ್ ಆಗ್ತಿರ್ಲಿ. ಬದಲಿಸ್ತೀಯೋ, ಕೆಲಸ ಬೇರೆಯವರಿಗೆ ಕೊಡ್ಲೋ?" "ತಾನಾಗೇ ಯಾವ ಕಸವೂ ಹೋಗಲ್ಲ ಸಾರ್" ಎಂದಳು. ಎಲ್ಲರೂ ಊಟಕ್ಕೆದ್ದ ಮೇಲೆ, ಗುಂಡಿಯನ್ನು ಇದ್ದಲ್ಲೇ ಬಿಟ್ಟು, ಅದರ ಮೇಲೆ "ಈ ಕಸ ನಿಮ್ಮದು" ಎಂದು ಬರೆದು, ತಂತ್ರಾಂಶವನ್ನು ಮ್ಯಾನೇಜರಿಗೇ ಕಳುಹಿಸಿಬಿಟ್ಟಳು.