ಕುಂಕುಮದ ಗೆರೆ ಮತ್ತು ಬಂದೂಕಿನ ಸ್ಕ್ರೂ

ಏಪ್ರಿಲ್ 16, ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷ. ಸುರಪುರದ ಗುಡ್ಡದ ಹಿಂದಿನ ಬಯಲಿನಲ್ಲಿ ಅಕ್ಕ ಹೊಡೆದ ಐದು ಗುಂಡುಗಳು ಗುರಿಹಾಳೆಯ ಮೇಲೆ ಅಂಗೈ ಅಗಲಕ್ಕೆ ಚೆದುರಿ ಬಿದ್ದಿದ್ದವು. ಮಾರ್ಚ್‌ವರೆಗೆ ಅವಳ ಐದೂ ಗುಂಡುಗಳ ತೂತನ್ನು ಒಂದು ರೂಪಾಯಿ ನಾಣ್ಯ ಮುಚ್ಚುತ್ತಿತ್ತು. ನಾವಿಬ್ಬರೂ ಕಾಲೇಜಿನ ಎನ್‌ಸಿಸಿ ಕೆಡೆಟ್‌ಗಳು. ಅಳೆದು ಬರೆದಿಡುವ ಕೆಲಸ ನನ್ನದು. ಆ ಭಾನುವಾರ ಯಾದಗಿರಿಯಲ್ಲಿ ಗುರಿ ಸ್ಪರ್ಧೆಯ ತಂಡದ ಆಯ್ಕೆ. ನಮ್ಮ ಕಾಲೇಜಿನಿಂದ ಒಬ್ಬರೇ ಹೋಗಬೇಕು. ಅಕ್ಕನಿಗೆ ಅದು ಕೊನೆಯ ವರ್ಷ.

ನಮಗೆ ಗುರಿ ಕಲಿಸುತ್ತಿದ್ದವರು ಸೈನ್ಯದಿಂದ ನಿವೃತ್ತರಾದ ಹವಾಲ್ದಾರರು. ನಾವು ಉಸ್ತಾದ್ ಎನ್ನುತ್ತಿದ್ದೆವು. ಹಾಳೆ ನೋಡಿದವರೇ ಶುರುಮಾಡಿದರು.

"ಏನವ್ವಾ, ಮನ್ಯಾಗ ಗಂಡು ನೋಡಾಕತ್ತಾರೇನು? ಕಣ್ಣು ಇಲ್ಲೇ ಅದಾವ, ಮನಸು ಹುಣಸಗಿ ಬಸ್ ಹತ್ಯಾದ."

"ಗಂಡು ನೋಡಾಕತ್ತಿದ್ರ ಇಷ್ಟೊತ್ತಿಗೆ ಮಲಗಿರ್ತಿದ್ನಿರಿ. ಬಂದೂಕ ಅಲಗಾಡಾಕತ್ತದ, ಸ್ಕ್ರೂ ಬಿಗೀರಿ."

"ಸ್ಕ್ರೂ ಸುದ್ದಿ ತಗೀಬ್ಯಾಡ. ಗೆರಿ ನೋಡು, ಕೂದಲೆಳಿಯಷ್ಟೂ ಸರದಿಲ್ಲ. ನಾಳಿ ಮುಂಜಾನಿ ಹಿಂಗ ಹೊಡದ್ರ ಬ್ಯಾರೇದಾಕಿನ್ನ ಕಳಸ್ತೀನಿ."

ಆ ಗೆರೆಯ ವಿಷಯ ಹೇಳಬೇಕು. ಆಯುಧ ಪೂಜೆಯ ದಿನ ಉಸ್ತಾದ್ ಎಲ್ಲ ಬಂದೂಕುಗಳಲ್ಲೂ ನಳಿಗೆಯನ್ನು ಕಟ್ಟಿಗೆಯ ಹಿಡಿಗೆ ಕೂಡಿಸುವ ಎರಡು ಸ್ಕ್ರೂ ಬಿಗಿದು, ಎಣ್ಣೆಯಲ್ಲಿ ಕಲಸಿದ ಕುಂಕುಮದಿಂದ ಸ್ಕ್ರೂವಿನ ತಲೆಯ ಮೇಲಿಂದ ಪಕ್ಕದ ಕಬ್ಬಿಣದವರೆಗೆ ಒಂದು ನೇರ ಗೆರೆ ಎಳೆಯುತ್ತಿದ್ದರು. ಸ್ಕ್ರೂ ತಿರುಗಿದರೆ ಗೆರೆ ಮುರಿದು ಕಾಣುತ್ತದೆ. ಪೂಜೆ ಮಾಡಿ ಬಿಗಿದದ್ದನ್ನು ಮುಂದಿನ ಪೂಜೆಯವರೆಗೆ ಯಾರೂ ಮುಟ್ಟುವಂತಿರಲಿಲ್ಲ.

ಗೆರೆ ನಿಜಕ್ಕೂ ನೇರವಾಗಿತ್ತು. ಅಕ್ಕ ಗುಂಡು ತೆಗೆದು, ಖಾಲಿ ಇದೆಯೆಂದು ಉಸ್ತಾದರಿಗೆ ತೋರಿಸಿ, ನನ್ನ ಬೆರಳನ್ನು ನಳಿಗೆಯೂ ಕಟ್ಟಿಗೆಯೂ ಕೂಡುವಲ್ಲಿ ಇಡಿಸಿದಳು. ಅವಳು ನಳಿಗೆಯನ್ನು ಕಟ್ಟಿಗೆಗೆ ಒತ್ತಿ ಹಿಂಡಿದಾಗಲೆಲ್ಲ ನನ್ನ ಬೆರಳಡಿ ಏನೋ ಮಿಸುಕಿತು. ಸ್ಕ್ರೂ ತಿರುಗಿಲ್ಲ, ಆದರೂ ಸಡಿಲ!

"ಉಸ್ತಾದ್ರ, ಇಲ್ಲಿ ಬೆರಳಿಡ್ರಿ," ಎಂದಳು ಅಕ್ಕ.

ಅವರು ಬೆರಳಿಟ್ಟರು. ಬಹಳ ಹೊತ್ತು ತೆಗೆಯಲಿಲ್ಲ.

"ಪೂಜಿ ಆಗ್ಯಾದ..." ಎಂದರು, ಮೆಲ್ಲಗೆ.

"ದೇವಿ ನನ್ನ ಮ್ಯಾಲ ಸಿಟ್ಟಾಗ್ತಾಳ ಬಿಡ್ರಿ, ನಿಮ್ಮ ಮ್ಯಾಲ ಅಲ್ಲ. ಸ್ಕ್ರೂಡ್ರೈವರ್ ಕೊಡ್ರಿ."

ಉಸ್ತಾದ್ ನಕ್ಕುಬಿಟ್ಟರು. ಬಂದೂಕನ್ನು ಹಿಡಿಯ ಮೇಲೆ ನೆಟ್ಟಗೆ ನಿಲ್ಲಿಸಿ, ಸ್ಕ್ರೂವಿನ ಸೀಳಿಗೆ ಸರಿಯಾಗಿ ಕೂರುವ ಸ್ಕ್ರೂಡ್ರೈವರ್ ಆರಿಸಿ, ಕೈಮುಗಿದು, ಮುಂದಿನದನ್ನು ಸ್ವಲ್ಪ, ಹಿಂದಿನದನ್ನು ಸ್ವಲ್ಪ, ಹೀಗೆ ತಿರುಗಿಸುತ್ತ ಬಂದರು. ಮುಂದಿನದು ಹತ್ತಿರ ಹತ್ತಿರ ಕಾಲು ಸುತ್ತು ತಿರುಗಿತು.

ಕಾರಣ ಹೊಳೆದದ್ದು ಬಂದೂಕು ಇಡುವ ಕೋಣೆಗೆ ಹೋದಾಗ. ಅದರ ಹಿಂದಿನ ಗೋಡೆಗೆ ತಾಗಿಯೇ ಕಾಲುವೆಯ ಕವಲು ಹರಿಯುತ್ತದೆ. ನೀರಿದ್ದಷ್ಟು ದಿನ ಗೋಡೆ ತಣ್ಣಗೆ ಬೆವರುತ್ತಿತ್ತು. ಮಾರ್ಚ್ ಕೊನೆಗೆ ನೀರು ಬಂದ್ ಆಗಿತ್ತು. ಈಗ ಗೋಡೆಯ ಮೇಲೆ ಬಿಳಿ ಉಪ್ಪು. ಪೂಜೆಯ ಕಾಲದಲ್ಲಿ ತೇವ ಕುಡಿದು ಉಬ್ಬಿದ್ದ ಕಟ್ಟಿಗೆ, ಬಿಸಿಲಿಗೆ ಒಣಗಿ ಸ್ಕ್ರೂವಿನಡಿಯಿಂದ ತಾನೇ ಹಿಂದೆ ಸರಿದಿತ್ತು. ಮರ ಕಡಿದು, ಕೊರೆದು, ಹೊಳಪು ಕೊಟ್ಟು ಎಷ್ಟು ವರ್ಷವಾಗಿದೆಯೋ! ಅದು ಇನ್ನೂ ನೀರು ಬಂದದ್ದನ್ನೂ ಹೋದದ್ದನ್ನೂ ಮೈಯಲ್ಲಿ ತಿಳಿಯುತ್ತಿದೆ. ನಾನು ಆ ಹಿಡಿಯನ್ನು ಮುಟ್ಟಿ ನೋಡಿದೆ.

ಮರುದಿನ ಮುಂಜಾನೆ ಅಕ್ಕ ಹೊಡೆದ ಐದೂ ಒಂದೆಡೆ ಕೂಡಿದವು, ಆದರೆ ಗುರಿಯಿಂದ ಮೇಲೆ, ಬಲಕ್ಕೆ. ಬಿಗಿತ ಬದಲಾದರೆ ಗುಂಡು ಬೀಳುವ ಜಾಗವೂ ಬದಲಾಗುತ್ತದೆ. ಉಸ್ತಾದ್ ನಳಿಗೆಯ ಮೇಲಿನ, ಗುರಿ ನೋಡುವ ಕಣ್ಣನ್ನು ಸರಿಪಡಿಸಿದರು. ಮುಂದಿನ ಐದು ನಡುಮಧ್ಯೆ ಕೂತವು. ನಾಣ್ಯ ಇಟ್ಟೆ, ಒಂದು ತೂತೂ ಹೊರಗೆ ಕಾಣಲಿಲ್ಲ.

"ಹೋಗವ್ವಾ ಯಾದಗಿರಿಗೆ," ಎಂದರು ಉಸ್ತಾದ್. "ಸ್ಕ್ರೂಡ್ರೈವರ್ ಮರೀಬ್ಯಾಡ."

ಭಾನುವಾರ ಅಕ್ಕ ತಂಡ ಸೇರಿದಳು.

ಈಗ ಕಾಲುವೆಗೆ ನೀರು ಬಿಟ್ಟಾಗೊಮ್ಮೆ, ನಿಲ್ಲಿಸಿದಾಗೊಮ್ಮೆ ಸ್ಕ್ರೂ ನೋಡುತ್ತೇವೆ. ಆದರೆ ಕಟ್ಟಿಗೆ ನಲುಗದಂತೆ ಎಷ್ಟು ಬಿಗಿಯಬೇಕು, ಉಬ್ಬಿದ ಕಾಲದಲ್ಲಿ ಮತ್ತೆ ಸಡಿಲಿಸಬೇಕೆ ಎಂಬುದು ಇನ್ನೂ ನಮಗೆ ತಿಳಿದಿಲ್ಲ. ಕಟ್ಟಿಗೆಯ ಹಿಡಿಯ ಬಂದೂಕು ಬಳಸಿ ಬಲ್ಲವರು ಒಂದು ಸಾಲು ಬರೆದು ತಿಳಿಸಬೇಕು.