ಜಾಲರಿಯ ಹಿಂದಿನ ಗ್ರಂಥಪಾಲಕರು

ನಮ್ಮ ಕ್ರೈಸ್ತ ಕಾಲೇಜಿನ ಗ್ರಂಥಪಾಲಕರಿಗೆ ಆಘಾತವಾಗದ ದಿನವಿಲ್ಲ. ಪುಟದ ಮೂಲೆ ಮಡಚಿದ್ದು ಕಂಡರೆ ಎದೆ ಹಿಡಿದುಕೊಳ್ಳುತ್ತಾರೆ, ಅಂಚಿನಲ್ಲಿ ಪೆನ್ನಿನ ಗೀಟು ಕಂಡರೆ ಕುಸಿಯಲು ಕುರ್ಚಿ ಹುಡುಕುತ್ತಾರೆ, ದೇವಶಾಸ್ತ್ರದ ಕಪಾಟಿನಲ್ಲಿ ಅಡುಗೆ ಪುಸ್ತಕ ಸಿಕ್ಕ ದಿನವಂತೂ ಊಟವನ್ನೇ ಬಿಟ್ಟರು. ಅವರ ಮೇಜಿನ ಮುಂದೆ ಹಳೆಯ ಚರ್ಚಿನಲ್ಲಿ ಪಾದ್ರಿಗಳು ಮರೆಯಲ್ಲಿ ಕೂತು ಜನರ ತಪ್ಪೊಪ್ಪಿಗೆ ಕೇಳಿ ಕ್ಷಮಿಸುತ್ತಿದ್ದ ಪಾಪನಿವೇದನೆಯ ಪೆಟ್ಟಿಗೆಯಿಂದ ಕಳಚಿ ತಂದ ಮರದ ಜಾಲರಿಯಿದೆ. ಎಂಥ ಪುಂಡನೂ ಅದರೆದುರು ತಾನಾಗಿಯೇ ದನಿ ತಗ್ಗಿಸುತ್ತಾನೆ. "ಸರ್, ಪುಸ್ತಕದ ಮೇಲೆ ಟೀ ಚೆಲ್ಬಿಟ್ಟೆ." "ಟೀನಾ? ಪುಸ್ತಕದ ಮೇಲಾ? ಚೆಲ್ಲೋಕೆ ಬೇರೆ ಜಾಗ ಇರ್ಲಿಲ್ವೇನಪ್ಪಾ?" ಆಮೇಲೊಂದು ದೀರ್ಘ ನಿಟ್ಟುಸಿರು, ಎಲ್ಲರಿಗೂ ಒಂದೇ ತೀರ್ಪು: "ಇನ್ಮೇಲೆ ಹೀಗ್ ಮಾಡ್ಬೇಡ, ಹೋಗು." ಮೊನ್ನೆ ಆ ಜಾಲರಿಯೆದುರು ಪ್ರಿನ್ಸಿಪಾಲ್ ಫಾದರ್ ಬಂದು ನಿಂತರು. ಅವರ ದನಿಯೂ ತಗ್ಗಿತು. "ಲೈಬ್ರರಿ ಮುಚ್ಚಿ ಕಂಪ್ಯೂಟರ್ ಹಾಲ್ ಮಾಡ್ಬೇಕು ಅಂತ ಆಡಳಿತ ಮಂಡಳಿಯವರು ಹಟ ಹಿಡಿದ್ರು. ನಾನೂ ಸಹಿ ಹಾಕ್ಬಿಟ್ಟೆ. ನಿಮ್ಮ ಕೆಲಸಾನೂ ಈ ತಿಂಗಳಿಗೆ ಮುಗೀತು." ಪತ್ರಿಕೆ ಓದುತ್ತಿದ್ದ ನಾವು ಮೇಷ್ಟರುಗಳು ನೀರಿನ ಲೋಟ ಹಿಡಿದು ಸಿದ್ಧರಾದೆವು. ಗ್ರಂಥಪಾಲಕರು ಎದೆ ಹಿಡಿದುಕೊಳ್ಳಲಿಲ್ಲ, ಕುರ್ಚಿ ಹುಡುಕಲಿಲ್ಲ. ಎಂದಿನ ದೀರ್ಘ ನಿಟ್ಟುಸಿರಿನ ಬೆನ್ನಿಗೆ ಜಾಲರಿಯ ಹಿಂದಿನಿಂದ ಅದೇ ದನಿ ಬಂತು: "ಇನ್ಮೇಲೆ ಹೀಗ್ ಮಾಡ್ಬೇಡಿ ಫಾದರ್, ಹೋಗಿ."