ತಾಡಪತ್ರಿಯ ಕೆಳಗೊಂದು ಜಾಗ

ಮೊಬೈಲಿನಲ್ಲಿ ಬರೆಯಲು ಕಲಿತು ಇನ್ನೂ ತಿಂಗಳಾಗಿಲ್ಲ. ಬಲಗೈಯ ಒಂದು ಬೆರಳಿಗೆ ಮಾತ್ರ ಆ ವಿದ್ಯೆ ಬಂದಿದೆ. ಉಳಿದವು ಸುಮ್ಮನೆ ನೋಡುತ್ತ ಕೂತಿರುತ್ತವೆ. ಆದರೂ ಮೊನ್ನೆ ಹಟ್ಟಿಯಿಂದ ರಜೆಗೆ ಬಂದ ಮಗಳ ಮಕ್ಕಳು, ಎಂಟು ವರ್ಷದ ಪಲ್ಲವಿ ಮತ್ತು ಐದರ ಚಿನ್ನು, ನಮ್ಮ ಮಸ್ಕಿ ಮನೆಯ ಹಿತ್ತಲಲ್ಲಿ ಡೇರೆ ಹಾಕಿ ಮಲಗುವ ಕ್ಯಾಂಪಿಗೆ ಪಟ್ಟಿ ಮಾಡುವಾಗ ನನ್ನನ್ನೇ ಕಾರಕೂನಳಾಗಿ ನೇಮಿಸಿಕೊಂಡರು.

ಬ್ಯಾಟರಿ, ಚಾದರ, ತಿನ್ನಲು ಮಂಡಾಳು, ನೀರು ಎಂದು ಬರೆದೆ. ಐದನೆಯದಾಗಿ ಪಲ್ಲವಿ, "ದೊಡ್ಡವ್ರು ಯಾರೂ ಒಳಗ ಬರಂಗಿಲ್ಲ ಅಂತ ಬರಿ" ಅಂದಳು.

"ನಾನೂ?"

"ನೀ ದೊಡ್ಡಾಕಿ ಅಲ್ಲೇನು?"

"ಹಲ್ಲು ಎಣಸಬೇ, ಚಿನ್ನೂಗಿಂತ ಕಡಿಮಿ ಅದಾವ."

"ಹಲ್ಲಿನ ಮಾತು ಬ್ಯಾಡ. ಬರಿ."

ನನ್ನ ಗಡೀಪಾರಿನ ಹುಕುಮನ್ನು ನಾನೇ ಬರೆದೆ.

ನಮ್ಮ ಪಕ್ಕದ ಸಿಂಧನೂರಿನ ಕಡೆ ಕ್ಯಾಂಪು ಎಂದರೆ ಆಂಧ್ರದಿಂದ ಬಂದ ರೈತರು ಕಾಲುವೆ ಬದಿಗೆ ಕಟ್ಟಿಕೊಂಡ ಊರು. ನಾವು ಚಿಕ್ಕವರಿದ್ದಾಗ ಬೇಸಿಗೆ ಪೂರ್ತಿ ಮಾಳಿಗೆಯ ಮೇಲೆ ಮಲಗುತ್ತಿದ್ದೆವು. ಅದಕ್ಕೆ ಕ್ಯಾಂಪು ಅನ್ನುತ್ತಿರಲಿಲ್ಲ, ಸೆಕೆ ಅನ್ನುತ್ತಿದ್ದೆವು. ಈಗ ನಾನು ಬಿದ್ದೇನೆಂದು ಮಗ ಮಾಳಿಗೆಯ ಬಾಗಿಲಿಗೆ ಬೀಗ ಹಾಕಿದ್ದಾನೆ. ಮಲಗಿಕೊಂಡು ಚುಕ್ಕಿ ನೋಡಿ ಎಷ್ಟು ವರ್ಷವಾಯಿತೋ. ಹಾಗಾಗಿ ಆ ಡೇರೆಯಲ್ಲಿ ನನಗೊಂದು ಜಾಗ ಬೇಕೇ ಬೇಕಿತ್ತು.

ಭತ್ತ ಒಣಗಿಸುವ ತಾಡಪತ್ರಿಯನ್ನು ನಾಲ್ಕು ಬಿದಿರಿಗೆ ಕಟ್ಟಿಸಿಕೊಟ್ಟೆ. ಎದುರಿಗೆ ಕಲ್ಲಿಟ್ಟು ಬೆಂಕಿ ಹಚ್ಚಿಕೊಟ್ಟೆ. ಪಲ್ಲವಿ ಅಂದಕ್ಕೆಂದು ಚೆಂಡುಹೂವಿನ ಮಾಲೆ ಇಳಿಬಿಟ್ಟಳು. ಡೇರೆ ಗಟ್ಟಿ ಇದೆಯೋ ಇಲ್ಲವೋ ನೋಡುವ ನೆಪದಲ್ಲಿ ನಾನು ಒಳಹೊಕ್ಕು ಒಂದು ಕುರ್ಚಿ ಹಾಕಿಕೊಂಡು ಕೂತೆ. ಆಗಷ್ಟೇ ಸಂಜೆಯ ಲಿಂಗಪೂಜೆ ಮುಗಿಸಿದ್ದೆ, ಹಣೆ ತುಂಬ ವಿಭೂತಿ. ತಂಪು ಗಾಳಿಗೆ ಕಣ್ಣು ಮುಚ್ಚಿತು, ಬಾಯಿ ತೆರೆಯಿತು. ಬ್ಯಾಟರಿಗಾಗಿ ಅಕ್ಕನ ಜೊತೆ ಜಗಳಾಡಿದ ಚಿನ್ನು ನನ್ನ ಕಾಲ ಬಳಿ ಕೂತು ಅಳತೊಡಗಿದ.

ಇಲ್ಲೊಂದು ಮಾತು ಹೇಳಬೇಕು. ನಮ್ಮ ಲಿಂಗಾಯತರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ವಿಭೂತಿ ಹಚ್ಚಿ, ಹೂ ಹಾಕಿ, ಕೂಡಿಸುತ್ತಾರೆ. ಪಕ್ಕದ ಮನೆಯ ಬಸಮ್ಮ ಗೋಡೆಯಾಚೆಯಿಂದ ಇಣುಕಿದ್ದು ಆಗಲೇ.

ಅರ್ಧ ತಾಸಿನ ಮೇಲೆ ನನಗೆ ಎಚ್ಚರವಾದದ್ದು ಅವಳ ಧ್ವನಿಗೆ.

"ಬಾಯಿ ಜೋರಿದ್ರೂ ಮನಸು ಬಂಗಾರ ಇತ್ತು."

ಇಂಥ ಮಾತು ಅವಳ ಬಾಯಿಂದ ನಲವತ್ತು ವರ್ಷದಲ್ಲಿ ಕೇಳಿರಲಿಲ್ಲ. ಇನ್ನಷ್ಟು ಬರಲಿ ಎಂದು ಕಣ್ಣು ಮುಚ್ಚಿಕೊಂಡೇ ಇದ್ದೆ.

"ಆದ್ರ ನನ್ನ ಶಾವಿಗಿ ಹೊಸಿಯೋ ಮಣಿ ಒಯ್ದಾಕಿ ತಿರುಗಿ ಕೊಡಲೇ ಇಲ್ಲ ನೋಡ್ರಿ."

"ಅಟ್ಟದ ಮ್ಯಾಲ ಐತಿ, ಒಯ್ಯಿ" ಅಂದೆ.

ಏನೋ ಧಡಧಡ ಬಿತ್ತು. ಕಣ್ಣು ತೆರೆದರೆ, ಪೆಂಡಾಲಿನ ಅಂಗಡಿಯ ಮೆಹಬೂಬ ತಲೆಯ ಮೇಲೆ ಹೊತ್ತು ತಂದ ಕುರ್ಚಿಗಳೆಲ್ಲ ನೆಲದ ಮೇಲಿದ್ದವು.

"ಅಮ್ಮಾರ, ನೀವು ಜಿಂದಾ ಅದೀರೇನ್ರಿ?"

"ಸದ್ಯಕ್ಕ ಅದೀನಪ್ಪ. ಕುರ್ಚಿ ಮುರದಾವೇನು ನೋಡು."

ಅವನ ಹಿಂದೆ ಓಣಿಯ ಹೆಂಗಸರು. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲವೆಂದು ರೊಟ್ಟಿ, ಪುಂಡಿಪಲ್ಯ, ಅನ್ನದ ಡಬ್ಬಿ ಹಿಡಿದು ನಿಂತಿದ್ದರು. ತಂದದ್ದನ್ನು ಮರಳಿ ಒಯ್ಯಬಾರದಂತೆ. ಎಲ್ಲರೂ ಡೇರೆಯೊಳಗೇ ಕೂತು ಹಂಚಿಕೊಂಡು ಉಂಡೆವು. ಬಸಮ್ಮ ಮಾತ್ರ, "ಸಾಯೋದ್ರಾಗೂ ಮೋಸ ಮಾಡ್ತಾಳ" ಎಂದು ಗೊಣಗುತ್ತ ಎರಡು ರೊಟ್ಟಿ ಹೆಚ್ಚು ತಿಂದಳು.

ಕೊನೆಗೆ ಪಲ್ಲವಿ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ದೊಡ್ಡವ್ರೆಲ್ಲಾ ಹೊರಗ ನಡೀರಿ."

ಎಲ್ಲರೂ ಎದ್ದರು. ನಾನೂ ಮಂಡಿ ಹಿಡಿದುಕೊಂಡು ಎದ್ದೆ.

"ನೀ ಎಲ್ಲಿ ಹೊಂಟಿ?" ಅಂದಳು. "ನೀ ಸತ್ತೀಯಲ್ಲ. ಸತ್ತವ್ರು ದೊಡ್ಡವ್ರಾಗ ಬರಂಗಿಲ್ಲ."

ಅವಳ ಮನಸ್ಸು ಬದಲಾಗುವ ಮೊದಲೇ ಅದನ್ನು ಮೊಬೈಲಿನ ಪಟ್ಟಿಯಲ್ಲಿ ಆರನೆಯದಾಗಿ ಬರೆದುಕೊಂಡೆ. ಆಮೇಲೆ ತಲೆಯನ್ನಷ್ಟೇ ತಾಡಪತ್ರಿಯಿಂದ ಹೊರಗಿಟ್ಟು, ಮಕ್ಕಳ ನಡುವೆ ಅಂಗಾತ ಮಲಗಿದೆ. ನಮ್ಮಲ್ಲಿ ಸತ್ತ ಮೇಲೆ ಕೂತೇ ಇರಬೇಕು; ಕಾಲು ಚಾಚಿ ಚುಕ್ಕಿ ನೋಡುವುದಿದ್ದರೆ ಈಗಲೇ ನೋಡಿಬಿಡಬೇಕು.